ಕೊನೆಯ ಪುಟದ ಚೌಕಗಳು

ನನ್ನ ಮೇಜಿನ ಡ್ರಾಯರ್‌ನಲ್ಲಿ ಮೂರು ಹಾಳೆಗಳಿವೆ. ನೋಟ್‌ಬುಕ್ಕಿನಿಂದ ಹರಿದು, ನಾಲ್ಕು ಮಡಿಕೆ ಮಾಡಿದ ಹಾಳೆಗಳು. ಬಿಚ್ಚಿದರೆ ತುಂಬ ಪೆನ್ಸಿಲ್‌ನಲ್ಲಿ ಹಾಕಿದ ಪುಟ್ಟ ಪುಟ್ಟ ಚೌಕಗಳು. ಸ್ಕೇಲ್ ಇಟ್ಟು ಎಳೆದದ್ದಲ್ಲ, ಬರಿಗೈಯಲ್ಲಿ ಹಾಕಿದ್ದು. ಆದರೂ ಎಲ್ಲವೂ ಒಂದೇ ಅಳತೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ತಾಗಿಕೊಂಡು ಹಾಳೆಯ ಅಂಚಿನವರೆಗೂ ಹೋಗುತ್ತವೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇವನ್ನು ಹಾಕಿದ್ದಳು. ಇಡೀ ತರಗತಿಯ ಮುಂದೆ, ಅವಳ ಕೈಯಿಂದಲೇ ಈ ಹಾಳೆ ಹರಿಸಿದವಳು ನಾನು. ಆಗಿ ಕೆಲವು ವರ್ಷಗಳಾದವು. ಡ್ರಾಯರ್ ಚೊಕ್ಕಟ ಮಾಡುವಾಗೆಲ್ಲ ಇವು ಕೈಗೆ ಸಿಗುತ್ತವೆ. ಎಸೆಯಲು ಮನಸ್ಸು ಬರುವುದಿಲ್ಲ.

ಅವತ್ತು ನಿರ್ನಾಳ ಗ್ರಂಥಿಗಳ ಪಾಠ. ಊಟದ ನಂತರದ ಮೊದಲ ಪಿರಿಯಡ್. ಬೋರ್ಡ್ ಮೇಲೆ ಮೂತ್ರಪಿಂಡ ಬರೆದು, ಅದರ ತಲೆ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಬರೆದಿದ್ದೆ. ಹೆದರಿಕೆಯಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತೆ, ಎದೆ ಜೋರಾಗಿ ಹೊಡ್ಕೊಳ್ಳುತ್ತೆ, ಕಣ್ಣಿನ ಪಾಪೆ ಅಗಲ ಆಗುತ್ತೆ, ಹೊಟ್ಟೆಯ ಕೆಲಸ ನಿಧಾನ ಆಗುತ್ತೆ ಅಂತ ಹೇಳುತ್ತಾ ಬೆಂಚುಗಳ ನಡುವೆ ನಡೆಯುತ್ತಿದ್ದೆ. ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಅವಳು ತಲೆ ಬಗ್ಗಿಸಿ ಕೂತಿದ್ದಳು. ನೋಟ್ಸ್ ಬರೆಯುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದರೆ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಿತ್ತು. "ಏನಿದು?" ಅಂದೆ. "ಏನಿಲ್ಲ ಮಿಸ್" ಅಂದಳು. "ನಾನೇನು ಹೇಳ್ತಿದ್ದೆ, ಹೇಳು ನೋಡೋಣ." ಅವಳು ಎದ್ದು ನಿಂತಳು. ನಾನು ಹೇಳಿದ ಕೊನೆಯ ಎರಡು ವಾಕ್ಯಗಳನ್ನು ಇದ್ದ ಹಾಗೇ ಹೇಳಿದಳು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಪಾಠ ಅವಳ ಕಿವಿಗೆ ಬೀಳುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ನನಗೆ ಆ ಸರಿಯುತ್ತರವೂ ಎದುರುತ್ತರದ ಹಾಗೆ ಕೇಳಿಸಿತು. "ಹರಿ ಅದನ್ನ" ಅಂದೆ. ಅವಳು ಅಳಲಿಲ್ಲ. ಒಂದೊಂದೇ ಹಾಳೆಯನ್ನು ಹೊಲಿಗೆ ಬಿಡದ ಹಾಗೆ, ನಿಧಾನಕ್ಕೆ ಹರಿದಳು. ಮಡಚಿದಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಹೆದರಿದ ದೇಹದ ಬಗ್ಗೆ ಪಾಠ ಮಾಡುತ್ತಿದ್ದವಳು ನಾನು. ಆ ಗಳಿಗೆಯಲ್ಲಿ ತರಗತಿಯಲ್ಲಿ ಹೆದರಿ ನಿಂತಿದ್ದ ಒಂದೇ ಒಂದು ದೇಹ ನನ್ನ ಎದುರಿಗೇ ಇತ್ತು. ನನಗೆ ಕಾಣಲಿಲ್ಲ.

ಕೈ ಕಟ್ಟಿ ಕೂತವಳು

ಮರುದಿನದಿಂದ ಅವಳು ನನ್ನ ಪಿರಿಯಡ್‌ನಲ್ಲಿ ಕೈ ಕಟ್ಟಿ ಕೂರತೊಡಗಿದಳು. ಬೆನ್ನು ನೆಟ್ಟಗೆ. ಕಣ್ಣು ಬೋರ್ಡ್ ಮೇಲೆ. ಯಾವ ಟೀಚರ್ ನೋಡಿದರೂ ಮೆಚ್ಚುವ ಭಂಗಿ. ನಾನೂ ಮೆಚ್ಚಿದೆ. ಹೇಳಿದ್ದನ್ನು ಕೇಳಿದಳಲ್ಲ ಅಂತ ಸಮಾಧಾನವಾಯಿತು. ಎರಡು ವಾರದ ಮೇಲೆ ಗಮನಿಸಿದೆ, ಅವಳು ಪ್ರತಿ ಪಿರಿಯಡ್‌ನಲ್ಲೂ ಒಂದು ಸಲ ಟಾಯ್ಲೆಟ್‌ಗೆ ಅನುಮತಿ ಕೇಳುತ್ತಿದ್ದಳು. ಪ್ರಶ್ನೆ ಕೇಳಿದರೆ ನಿದ್ದೆಯಿಂದ ಎದ್ದವಳ ಹಾಗೆ ನೋಡುತ್ತಿದ್ದಳು. ಘಟಕ ಪರೀಕ್ಷೆಯಲ್ಲಿ ಅವಳ ಉತ್ತರ ಪತ್ರಿಕೆಯ ಅರ್ಧ ಖಾಲಿ ಇತ್ತು. ಮೊದಲೆಲ್ಲ ಹಾಗಿರಲಿಲ್ಲ. ಹೆಬ್ಬೆರಳಿನ ಉಗುರಿನ ಪಕ್ಕದ ಚರ್ಮ ಕಿತ್ತು ಕಿತ್ತು ಕೆಂಪಾಗಿತ್ತು. ಪತ್ರಿಕೆ ಕೊಡುವಾಗ ಕಂಡದ್ದು ಅದು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಕಾರಿಡಾರ್‌ನಲ್ಲಿ ಬೇಕೆಂದೇ ತಡ ಮಾಡುತ್ತಾ ಬ್ಯಾಗ್ ತುಂಬುತ್ತಿದ್ದಳು. ನಾನು ಹೋಗಿ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ನಾನು, "ಆ ಚೌಕಗಳನ್ನ ಯಾಕೆ ಹಾಕ್ತಿದ್ದೆ ಪುಟ್ಟಾ? ಬೈಯೋಕೆ ಕೇಳ್ತಿಲ್ಲ" ಅಂದೆ. ಅವಳು ಬ್ಯಾಗಿನ ಜಿಪ್ಪನ್ನೇ ನೋಡುತ್ತಾ ಹೇಳಿದಳು. "ಮನೇಲಿ ರಾತ್ರಿ ಜಗಳ ಆಗುತ್ತೆ ಮಿಸ್. ಅದು ಬೆಳಿಗ್ಗೆಯೂ ತಲೇಲಿ ಓಡ್ತಾನೇ ಇರುತ್ತೆ. ಬಾಕ್ಸ್ ಹಾಕ್ತಿದ್ರೆ ಗೆರೆಗೆ ಗೆರೆ ಸೇರಿಸೋದ್ರಲ್ಲೇ ಅದು ನಿಲ್ಲುತ್ತೆ. ಆಗ ನೀವು ಹೇಳೋದು ಕೇಳ್ಸುತ್ತೆ." ಇಷ್ಟೇ. ಇದಕ್ಕಿಂತ ಜಾಸ್ತಿ ಅವಳು ಅವತ್ತು ಹೇಳಲಿಲ್ಲ. ನಾನೂ ಕೆದಕಲಿಲ್ಲ. (ಅವಳ ಗುರುತು ಸಿಗದಿರಲಿ ಅಂತ ಇಲ್ಲಿ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.) ಅವಳ ಕೈ ಕೆಲಸ ಮಾಡಿದರೆ ಮಾತ್ರ ಕಿವಿ ತೆರೆಯುತ್ತಿತ್ತು. ನಾನು ಆ ಕೈಯನ್ನೇ ಕಟ್ಟಿಹಾಕಿದ್ದೆ.

2009ರಲ್ಲಿ ಜಾಕಿ ಆಂಡ್ರೇಡ್ ಎಂಬ ಮನಃಶಾಸ್ತ್ರಜ್ಞೆ ಒಂದು ಸರಳ ಪ್ರಯೋಗ ಮಾಡಿದ್ದರು. 40 ಜನರಿಗೆ ಬೇಸರ ಹಿಡಿಸುವ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧ ಜನ ಕೇಳುತ್ತಾ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ತೀಡಬೇಕಿತ್ತು. ಉಳಿದವರು ಸುಮ್ಮನೆ ಕೇಳಬೇಕಿತ್ತು. ಪೆನ್ಸಿಲ್ ತೀಡಿದವರು ಶೇಕಡಾ 29ರಷ್ಟು ಜಾಸ್ತಿ ನೆನಪಿಟ್ಟುಕೊಂಡಿದ್ದರು. ಚಿಕ್ಕ ಪ್ರಯೋಗ, ದೊಡ್ಡವರ ಮೇಲೆ ನಡೆದದ್ದು. ಅದರಿಂದ ಎಲ್ಲ ಮಕ್ಕಳ ಬಗ್ಗೆ ತೀರ್ಮಾನ ಹೇಳಲಾಗದು. ಆದರೆ ಅದನ್ನು ಓದಿದಾಗ ನನಗೆ ಆ ಹುಡುಗಿ ಎದ್ದು ನಿಂತು ಎರಡು ವಾಕ್ಯ ಒಪ್ಪಿಸಿದ್ದು ನೆನಪಾಯಿತು. ಅವಳಿಗೆ ಇದು ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

"ಏನೂ ಇಲ್ಲ"

ನನಗೂ ಒಂದು ಕಾಲದಲ್ಲಿ ಹೊಟ್ಟೆನೋವು ಬರುತ್ತಿತ್ತು. ಎಂಟನೇ ತರಗತಿ. ಗಣಿತದ ಟೆಸ್ಟ್ ಇರುವ ಬೆಳಿಗ್ಗೆ ಹೊಕ್ಕುಳ ಸುತ್ತ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಟೆಸ್ಟ್ ಮುಗಿದರೆ ನೋವೂ ಮಾಯ. ಮನೆಯಲ್ಲಿ ಇದಕ್ಕೆ ಒಂದೇ ಹೆಸರು, ನಾಟಕ. ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿದರು. "ಏನೂ ಇಲ್ಲ" ಅಂದರು. ಆ ಎರಡು ಪದ ನನ್ನೊಳಗೆ ಇಳಿದದ್ದು ನನಗಿನ್ನೂ ನೆನಪಿದೆ. ನೋಯುತ್ತಿದೆ, ಆದರೆ ಏನೂ ಇಲ್ಲ. ಅಂದರೆ ನಾನು ಸುಳ್ಳುಗಾತಿ. ಮುಂದಿನ ಟೆಸ್ಟ್‌ನ ಬೆಳಿಗ್ಗೆ ಅಮ್ಮ "ಯಾಕೆ ಮುಖ ಹಾಗಿದೆ?" ಅಂತ ಕೇಳಿದಾಗ ನಾನೂ "ಏನಿಲ್ಲ" ಅಂದೆ. ಹದಿಹರೆಯದ ಮಕ್ಕಳು ಬಾಯಿ ಬಿಡುವುದಿಲ್ಲ, ಕೇಳಿದ್ದಕ್ಕೆಲ್ಲ ಏನಿಲ್ಲ ಏನಿಲ್ಲ ಅಂತಾರೆ ಅಂತ ನಾವು ದೂರುತ್ತೇವೆ. ಆ ಮಾತನ್ನು ಎಷ್ಟೋ ಮಕ್ಕಳು ನಮ್ಮಿಂದಲೇ ಕಲಿತಿರುತ್ತಾರೆ.

ಅಜ್ಜಿ ಮಾತ್ರ ಬೇರೆ ರೀತಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಗಣಿತದ ಟೆಸ್ಟ್ ಅಂದರೆ ಏನು ಅಂತಲೂ ಅವರು ಕೇಳಿದವರಲ್ಲ. ನಾನು ಮುದುರಿ ಮಲಗಿದ್ದರೆ ಹಾಸಿಗೆಯ ಅಂಚಿಗೆ ಬಂದು ಕೂರುತ್ತಿದ್ದರು. "ಎಲ್ಲಿ ನೋಯ್ತಿದೆ, ತೋರ್ಸು" ಅನ್ನುತ್ತಿದ್ದರು. ತೋರಿಸಿದ ಕಡೆ ಅಂಗೈ ಇಡುತ್ತಿದ್ದರು. ಉಜ್ಜುವುದಿಲ್ಲ, ಒತ್ತುವುದಿಲ್ಲ, ಸುಮ್ನೆ ಇಡುವುದು. ಏನೂ ಆಗಲ್ಲ ಅಂತ ಹೇಳಿದವರಲ್ಲ. ಚೆನ್ನಾಗಿ ಬರಿ ಅಂತಲೂ ಹೇಳಿದವರಲ್ಲ. ನೋವು ಪೂರ್ತಿ ಹೋಗುತ್ತಿರಲಿಲ್ಲ. ಆದರೆ ಎದ್ದು ಶೂ ಹಾಕಿಕೊಳ್ಳುವಷ್ಟು ಕಡಿಮೆಯಾಗುತ್ತಿತ್ತು. ಶಾಲೆಯ ಗೇಟಿನವರೆಗೂ ಜೊತೆಗೆ ಬರುತ್ತಿದ್ದರು. ಆ ಅಂಗೈಯ ಬಿಸಿ ಟೆಸ್ಟ್‌ನ ಮೊದಲ ಲೆಕ್ಕದವರೆಗೂ ನನ್ನ ಜೊತೆ ಇರುತ್ತಿತ್ತು.

ಆ ಹೊಟ್ಟೆನೋವು ನಿಜ ಅಂತ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟದ ಬರಹ ಕಳಿಸಿದ್ದರು. ಅವರು ಇಲಿಗಳಿಗೆ ಬೇರೆ ಬೇರೆ ರೀತಿಯ ಕಷ್ಟ ಕೊಟ್ಟಿದ್ದರು. ಕೆಲವಕ್ಕೆ ಚಳಿ, ಕೆಲವಕ್ಕೆ ಗಾಯ, ಕೆಲವಕ್ಕೆ ಮಿತಿಮೀರಿದ ಓಟ, ಕೆಲವಕ್ಕೆ ಔಷಧಿ. ಕಷ್ಟ ಯಾವುದೇ ಇರಲಿ, ದೇಹದೊಳಗೆ ಆದದ್ದು ಒಂದೇ. ಅಡ್ರಿನಲ್ ಗ್ರಂಥಿ ಊದಿಕೊಂಡಿತು. ಎದೆಯಲ್ಲಿರುವ ಥೈಮಸ್ ಗ್ರಂಥಿ ಕುಗ್ಗಿತು. ಹೊಟ್ಟೆ ಕರುಳಿನಲ್ಲಿ ಹುಣ್ಣಾಯಿತು. ನಾವು ಇವತ್ತು ಸ್ಟ್ರೆಸ್, ಒತ್ತಡ ಅಂತ ಆಡುವ ಮಾತಿನ ವಿಜ್ಞಾನ ಶುರುವಾದದ್ದು ಅಲ್ಲಿಂದ. ಮುಂದೆ ಬಂದವರು ಅದರಲ್ಲಿ ಎಷ್ಟೋ ತಿದ್ದಿದ್ದಾರೆ. ಆದರೆ ಒಂದು ವಿಷಯ ನನ್ನ ಮನಸ್ಸಿನಲ್ಲಿ ನಿಂತಿತು. ಇದು ಅಳುವಂಥ ಕಾರಣ, ಇದು ಅಲ್ಲ ಅಂತ ದೇಹ ಕಾರಣಗಳನ್ನು ತೂಗಿ ನೋಡುವುದಿಲ್ಲ. ಗೆಳತಿಯೊಬ್ಬಳು ಮಾತು ಬಿಟ್ಟದ್ದು, ಗುಂಪಿನ ಫೋಟೋದಲ್ಲಿ ತಾನಿಲ್ಲದಿರುವುದು, ಮುಖದ ಮೇಲೆ ಎದ್ದ ಮೊಡವೆ. ಇವು ನಮಗೆ ಚಿಕ್ಕವು. ಹದಿನಾಲ್ಕರ ಎದೆಗೆ ಅವು ಚಿಕ್ಕವಲ್ಲ.

ಅವರ ಕೈಯಲ್ಲಿ ಏನಿದೆ?

ಒತ್ತಡ ನಿಭಾಯಿಸುವ ಬಗ್ಗೆ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಅವರು ಎರಡು ದಾರಿ ಹೇಳುತ್ತಾರೆ. ಒಂದು, ತೊಂದರೆಯನ್ನೇ ಹಿಡಿದು ಸರಿ ಮಾಡುವುದು. ಇನ್ನೊಂದು, ತೊಂದರೆಯಿಂದ ಎದ್ದ ತಳಮಳವನ್ನು ಶಾಂತ ಮಾಡಿಕೊಳ್ಳುವುದು. ನಾವು ಮಕ್ಕಳಿಗೆ ಕೊಡುವ ಬುದ್ಧಿಮಾತೆಲ್ಲ ಮೊದಲ ದಾರಿಯದ್ದೇ. ಟೈಮ್‌ಟೇಬಲ್ ಹಾಕ್ಕೋ. ಬೇಗ ಏಳು. ಫೋನ್ ಬಿಡು. ಆ ಗೆಳೆಯರನ್ನ ಬಿಡು. ಇದೆಲ್ಲ ಕೆಲಸ ಮಾಡುವುದು ತೊಂದರೆ ನಮ್ಮ ಹಿಡಿತದಲ್ಲಿದ್ದಾಗ. ಒಬ್ಬ ಹದಿನಾಲ್ಕರ ಹುಡುಗಿಯ ಹಿಡಿತದಲ್ಲಿ ಏನಿದೆ ಹೇಳಿ. ಆಫೀಸಿನಲ್ಲಿ ಉಸಿರುಗಟ್ಟಿದರೆ ನಾನು ರಜೆ ಹಾಕಬಲ್ಲೆ, ಕೆಲಸವನ್ನೇ ಬಿಡಬಲ್ಲೆ. ಅವಳು ಶಾಲೆ ಬದಲಿಸಲಾರಳು. ಮನೆ ಬದಲಿಸಲಾರಳು. ಅಪ್ಪ ಅಮ್ಮನ ಜಗಳ ನಿಲ್ಲಿಸಲಾರಳು. ಯಾರ ಪಕ್ಕ ಕೂರಬೇಕು ಅನ್ನುವುದು ಕೂಡ ಎಷ್ಟೋ ಸಲ ಅವಳ ಕೈಯಲ್ಲಿಲ್ಲ. ಅವಳಿಗೆ ಉಳಿದದ್ದು ಎರಡನೇ ದಾರಿ ಒಂದೇ. ಅದಕ್ಕೆ ಸಿಕ್ಕ ಸಾಮಾನು ಒಂದು ಪೆನ್ಸಿಲ್, ಒಂದು ಕೊನೆಯ ಪುಟ.

ಇದು ಹೊಳೆದ ಮೇಲೆ ತರಗತಿ ನನಗೆ ಬೇರೆ ರೀತಿ ಕಾಣತೊಡಗಿತು. ಯಾರು ಏನು ಮಾಡಿದರೂ ಮೊದಲು ತಲೆಗೆ ಬರುತ್ತಿದ್ದದ್ದು ಇದನ್ನು ಹೇಗೆ ನಿಲ್ಲಿಸುವುದು ಅಂತ. ಈಗ, ಇದು ಏನನ್ನು ತಡೆದು ನಿಲ್ಲಿಸಿದೆ ಅಂತ ಕೇಳಿಕೊಳ್ಳುತ್ತೇನೆ. ಬೈದಾಗ ನಗುವ ಹುಡುಗನಿದ್ದಾನೆ. ಅವನ ನಗುವಿಗೆ ಸಿಟ್ಟಾಗದ ಟೀಚರ್ ಇಲ್ಲ. ಅವನ ಕಿವಿಯ ತುದಿ ನೋಡಿದರೆ ಗೊತ್ತಾಗುತ್ತದೆ, ಅದು ಕೆಂಪಾಗಿ ಸುಡುತ್ತಿರುತ್ತದೆ. ಅಳು ಬಾರದಿರಲಿ ಅಂತ ಅವನು ನಗುತ್ತಾನೆ. ಹದಿಮೂರರ ಹುಡುಗ ಮೂವತ್ತು ಜನರ ಮುಂದೆ ಅತ್ತರೆ ಮುಂದಿನ ಎಷ್ಟೋ ದಿನ ಅವನಿಗೆ ಉಳಿಗಾಲವಿಲ್ಲ. ನಗುವುದು ಅವನಿಗೆ ಕಡಿಮೆ ಬೆಲೆಯ ದಾರಿ. ಇನ್ನೊಬ್ಬಳಿದ್ದಾಳೆ, ಒಂದು ಅಕ್ಷರ ತಪ್ಪಿದರೂ ಇಡೀ ಪುಟ ಮತ್ತೆ ಬರೆಯುತ್ತಾಳೆ. ಅವಳನ್ನು ನಾವು ಹೊಗಳುತ್ತೇವೆ. ಅವಳೂ ಯಾವುದನ್ನೋ ತಡೆದು ನಿಲ್ಲಿಸಿದ್ದಾಳೆ. ನಮಗೆ ತೊಂದರೆ ಕೊಡದ ರೀತಿಯಲ್ಲಿ, ಅಷ್ಟೆ. ನನಗೆ ಈಚೆಗೆ ಜಾಸ್ತಿ ಚಿಂತೆಯಾಗುವುದು ಇಂಥ ಮಕ್ಕಳ ಬಗ್ಗೆಯೇ.

ಮೊದಲ ಪಿರಿಯಡ್‌ನಲ್ಲಿ ಡೆಸ್ಕ್ ಮೇಲೆ ತಲೆ ಇಡುವವರ ಕತೆ ಬೇರೆ. ಅಲ್ಲಿ ಮನಸ್ಸಿಗಿಂತ ದೇಹದ ಗಡಿಯಾರದ ಪಾತ್ರ ಜಾಸ್ತಿ. ಪ್ರಾಯಕ್ಕೆ ಬರುವಾಗ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರತೊಡಗುತ್ತದೆ. ಬೇಗ ಮಲಗು ಅಂದರೆ ಅವರಿಗೆ ನಿಜಕ್ಕೂ ನಿದ್ದೆ ಬರುವುದಿಲ್ಲ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಕ್ಯಾಲಿಫೋರ್ನಿಯಾ 2022ರಿಂದ ತನ್ನ ಹೈಸ್ಕೂಲುಗಳಿಗೆ ಅದನ್ನು ಕಾನೂನನ್ನಾಗಿಯೇ ಮಾಡಿತು. ನಿದ್ದೆಗೆಟ್ಟ ಮಗುವಿಗೆ ಒತ್ತಡ ನಿಭಾಯಿಸುವ ಯಾವ ಉಪಾಯ ಹೇಳಿಕೊಟ್ಟರೂ ತಲೆಗೆ ಹತ್ತುವುದು ಕಷ್ಟ. ಮೊದಲು ನಿದ್ದೆ. ಉಳಿದದ್ದು ಆಮೇಲೆ.

"ಸ್ವಲ್ಪ ಟೆನ್ಶನ್ ಇರ್ಬೇಕಲ್ವಾ?"

ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದಾಗ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. "ಮೇಡಂ, ಸ್ವಲ್ಪ ಟೆನ್ಶನ್ ಇರ್ಬೇಕು. ಇಲ್ದಿದ್ರೆ ಮಕ್ಕಳು ಪುಸ್ತಕ ತೆಗೆಯೋದೇ ಇಲ್ಲ." ಅವರು ಮಕ್ಕಳನ್ನು ಪ್ರೀತಿಸುವವರು. ಅವರ ಮಾತಿನಲ್ಲಿ ನಿಜ ಇದೆ. ನಾಳೆ ಟೆಸ್ಟ್ ಅನ್ನುವ ಸಣ್ಣ ಅಳುಕು ಇಲ್ಲದೆ ನಾನೂ ಓದಿದವಳಲ್ಲ. ಆದರೆ ಈ ವಾದಕ್ಕೆ ಆಧಾರವಾಗಿ ಎಲ್ಲರೂ ಹೇಳುವ ಹಳೆಯ ಪ್ರಯೋಗವನ್ನು ಒಮ್ಮೆ ಪೂರ್ತಿ ನೋಡಬೇಕು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇಲಿಮರಿಯಷ್ಟು ಪುಟ್ಟ ಇಲಿಗಳಿಗೆ ಕಪ್ಪು ಡಬ್ಬಿ, ಬಿಳಿ ಡಬ್ಬಿ ಗುರುತಿಸುವುದನ್ನು ಕಲಿಸಿದರು. ತಪ್ಪಿದರೆ ವಿದ್ಯುತ್ತಿನ ಶಾಕ್. ಕೆಲಸ ಸುಲಭವಿದ್ದಾಗ ಜೋರು ಶಾಕ್ ಕೊಟ್ಟಷ್ಟೂ ಬೇಗ ಕಲಿತವು. ಎರಡು ಡಬ್ಬಿಯ ವ್ಯತ್ಯಾಸ ಗುರುತಿಸುವುದು ಕಷ್ಟವಾದಾಗ ಹಾಗಾಗಲಿಲ್ಲ. ಶಾಕ್ ಒಂದು ಮಿತಿ ದಾಟಿದ್ದೇ ಕಲಿಕೆ ಹಿಂದೆ ಬಿತ್ತು. ಕೆಲಸ ಕಷ್ಟವಾದಷ್ಟೂ ಆ ಮಿತಿ ಬೇಗ ಬಂತು.

ಅಂದರೆ ಸುಲಭದ್ದಕ್ಕೆ ಹೆದರಿಕೆ ತಳ್ಳುಬಲ ಆಗಬಹುದು. ಯೋಚನೆ ಮಾಡಿ ಮಾಡಬೇಕಾದ ಕೆಲಸಕ್ಕೆ ಅದೇ ಅಡ್ಡಗಾಲು. ಬೀಜಗಣಿತ ಯೋಚನೆಯ ಕೆಲಸ. ಪ್ರಬಂಧ ಬರೆಯುವುದು ಯೋಚನೆಯ ಕೆಲಸ. ಹೊಸ ಶಾಲೆಯಲ್ಲಿ ಗೆಳೆಯರನ್ನು ಹುಡುಕಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ. ಜೊತೆಗೆ ಇನ್ನೊಂದು ಮಾತು. ಸ್ವಲ್ಪ ಟೆನ್ಶನ್ ಅಂತ ನಾವು ನಮ್ಮ ಪಾಲಿನದ್ದನ್ನು ಮಾತ್ರ ಅಳೆಯುತ್ತೇವೆ. ನಾನು ಕೊಡುವುದು ಸ್ವಲ್ಪ. ಗಣಿತದವರು ಕೊಡುವುದು ಸ್ವಲ್ಪ. ಟ್ಯೂಷನ್‌ನವರದ್ದು ಸ್ವಲ್ಪ. ಮನೆಯದ್ದು ಸ್ವಲ್ಪ. ಫೋನಿನೊಳಗಿನ ಗೆಳೆಯರದ್ದು ಸ್ವಲ್ಪ. ಹೊರುವ ಬೆನ್ನು ಒಂದೇ. ಅದರ ಒಟ್ಟು ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಒತ್ತಡ, ಒತ್ತಾಸೆ

ನಮ್ಮ ಭಾಷೆಯಲ್ಲಿ ಈ ಎರಡು ಪದಗಳು ಎಷ್ಟು ಹತ್ತಿರ ಕೇಳಿಸುತ್ತವೆ ಅಲ್ವಾ? ಒಂದು ಮೇಲಿನಿಂದ ಅದುಮುವುದು. ಇನ್ನೊಂದು ಪಕ್ಕದಲ್ಲಿ ನಿಲ್ಲುವುದು. ಅಜ್ಜಿಯ ಅಂಗೈ ಒತ್ತಾಸೆ. ಡಾಕ್ಟರ ಬೆರಳು ಒತ್ತಡವೇ ಆಗಿತ್ತು.

ಆದರೆ ಹದಿಹರೆಯದಲ್ಲಿ ಒತ್ತಾಸೆ ಕೊಡುವುದು ಅಷ್ಟು ಸುಲಭವಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಕ್ಕಳು ಅಪರಿಚಿತರ ಮುಂದೆ ಭಾಷಣ ಮಾಡಬೇಕಿತ್ತು. ಕೆಲವರಿಗೆ ತಯಾರಿಯ ಹೊತ್ತಿನಲ್ಲಿ ಅಪ್ಪನೋ ಅಮ್ಮನೋ ಪಕ್ಕದಲ್ಲಿದ್ದರು. 9-10 ವರ್ಷದ ಮಕ್ಕಳಲ್ಲಿ ಅಷ್ಟರಿಂದಲೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಏರಿಕೆ ತಗ್ಗಿತು. 15-16 ವರ್ಷದವರಲ್ಲಿ ತಗ್ಗಲಿಲ್ಲ. ಇದನ್ನು ಓದಿದಾಗ ಒಬ್ಬ ತಾಯಿ ನನ್ನ ಮುಂದೆ ಕೂತು ಅತ್ತದ್ದು ನೆನಪಾಯಿತು. "ಮೊದಲೆಲ್ಲ ತಬ್ಬಿಕೊಂಡ್ರೆ ಸಾಕಿತ್ತು ಮೇಡಂ. ಈಗ ಮುಟ್ಟಿದ್ರೆ ಸಿಡುಕ್ತಾನೆ. ನಾನೇನು ತಪ್ಪು ಮಾಡ್ದೆ?" ಅವರು ತಪ್ಪು ಮಾಡಿರಲಿಲ್ಲ. ಚಿಕ್ಕಂದಿನಲ್ಲಿ ಕೆಲಸ ಮಾಡಿದ ಅದೇ ಮದ್ದು ಈ ವಯಸ್ಸಿನಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಹಾಗಂತ ಅಮ್ಮ ಬೇಡವಾದಳು ಅಂತಲ್ಲ. ಮಗ ತಾನಾಗಿ ಹತ್ತಿರ ಬರುವ ಹೊತ್ತು ಬೇರೆ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಗೆ ನೀರು ಕುಡಿಯಲು ಬಂದಾಗ. ಗಾಡಿಯಲ್ಲಿ ಪಕ್ಕದಲ್ಲಿ ಕೂತು ಇಬ್ಬರೂ ಮುಂದೆ ರಸ್ತೆ ನೋಡುತ್ತಿರುವಾಗ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದ ಕಡೆ ಈ ಮಕ್ಕಳಿಗೆ ಮಾತು ಸಲೀಸು. ಕಾರಿಡಾರಿನ ಮೆಟ್ಟಿಲ ಮೇಲೆ ಆದದ್ದೂ ಅದೇ. ಅವಳು ಜಿಪ್ಪು ನೋಡುತ್ತಿದ್ದಳು, ನಾನು ಮೈದಾನ ನೋಡುತ್ತಿದ್ದೆ.

ಗೆಳೆಯರು ಇದ್ದಾರಲ್ಲ ಅನ್ನಬಹುದು. ಇದ್ದಾರೆ, ಅವರು ಬೇಕೇ ಬೇಕು. ಆದರೆ ಇಬ್ಬರು ಗೆಳತಿಯರು ಒಂದೇ ನೋವನ್ನು ದಿನವೂ ತಿರುವಿ ಹಾಕುತ್ತಾ ಕೂತರೆ ಗೆಳೆತನ ಗಟ್ಟಿಯಾಗುತ್ತದೆ, ನೋವೂ ಗಟ್ಟಿಯಾಗುತ್ತದೆ. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಅದಕ್ಕೇ ಎಲ್ಲೋ ಒಬ್ಬ ದೊಡ್ಡವರು ಬೇಕಾಗುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯೊಳಗಿನ ಜಗಳ, ಹೆತ್ತವರ ಕುಡಿತ, ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ಪ್ರೀತಿಯುಳ್ಳವರಾಗಿ ಬೆಳೆದಿದ್ದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ನಂಬಿ ಹಿಡಿಯಬಹುದಾದ ಒಬ್ಬ ದೊಡ್ಡವರು. ಕೆಲವರಿಗೆ ಅಜ್ಜಿ, ಕೆಲವರಿಗೆ ನೆರೆಯವರು, ಕೆಲವರಿಗೆ ಟೀಚರ್.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮಗು ಹಿಡಿದುಕೊಂಡ ಊರುಗೋಲನ್ನು ಕಿತ್ತುಕೊಳ್ಳಬೇಡಿ ಅನ್ನುವುದು ಎಲ್ಲ ಊರುಗೋಲಿಗೂ ಸಲ್ಲುವುದಿಲ್ಲ. ಮೈ ಕೊಯ್ದುಕೊಳ್ಳುವುದು, ಊಟ ಬಿಡುವುದು, ನಶೆಗೆ ಇಳಿಯುವುದು, "ನಾನಿಲ್ದಿದ್ರೇ ಎಲ್ರಿಗೂ ಒಳ್ಳೇದು" ಅನ್ನುವುದು. ಇವನ್ನು ಕಂಡರೆ ಕಾಯುವುದಿಲ್ಲ. ಅವತ್ತೇ ಮನೆಯವರಿಗೆ, ಕೌನ್ಸೆಲರ್‌ಗೆ, ಡಾಕ್ಟರಿಗೆ. ಆ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ. ಸಾಯಬೇಕು ಅಂತ ಅನ್ನಿಸ್ತಿದೆಯಾ ಅಂತ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯ ನನಗೂ ಇತ್ತು. ಹಾಗಾಗುವುದಿಲ್ಲ ಅಂತ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಸ್ಪಷ್ಟವಾಗಿ ಹೇಳುತ್ತಾರೆ. 10ರಿಂದ 19ರ ವಯಸ್ಸಿನಲ್ಲಿ ಜಗತ್ತಿನ ಏಳರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ತರಗತಿಯ ಬೆಂಚುಗಳನ್ನು ಎಣಿಸಿ ನೋಡಿ. ಅಲ್ಲಿ ಕೂಡ ಬೈಗುಳಕ್ಕೆ ಜಾಗವಿಲ್ಲ. ಆ ಮಗುವೂ ತಾಳಿಕೊಳ್ಳಲು ತನಗೆ ತೋಚಿದ ದಾರಿಯನ್ನೇ ಹಿಡಿದಿರುತ್ತದೆ.

ಹತ್ತು ನಿಮಿಷ

ಆ ವರ್ಷದ ಕೊನೆಯ ಪರೀಕ್ಷೆಗೆ ಮುಂಚೆ ನಾನು ಒಂದು ಹೊಸ ಕೆಲಸ ಮಾಡಿದೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ರಮಿರೆಜ್ ಮತ್ತು ಬೈಲಾಕ್ ಅವರ ಒಂದು ಪ್ರಬಂಧ ಬಂದಿತ್ತು. ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದ ಮಕ್ಕಳು, ಅದರಲ್ಲೂ ಪರೀಕ್ಷೆಗೆ ತುಂಬ ಹೆದರುವವರು, ಉಳಿದ ಹೆದರುವ ಮಕ್ಕಳಿಗಿಂತ ಚೆನ್ನಾಗಿ ಬರೆದಿದ್ದರು. ತಲೆಯೊಳಗೆ ಸುತ್ತುವ ಗಾಬರಿ ಕಾಗದಕ್ಕೆ ಇಳಿದರೆ ಲೆಕ್ಕಕ್ಕೆ ಜಾಗ ಸಿಗುತ್ತದೆ ಅನ್ನುವುದು ಅವರ ವಿವರಣೆ. ನಮ್ಮ ತರಗತಿಯಲ್ಲಿ ಎಲ್ಲರಿಗೂ ಕೆಲಸ ಮಾಡಿತು ಅಂತ ನಾನು ಹೇಳಲಾರೆ. ಅಂಕ ಹೋಲಿಸಿ ನೋಡುವ ಮನಸ್ಸೂ ಇರಲಿಲ್ಲ. ಮಕ್ಕಳಿಗೆ ಒಂದು ಖಾಲಿ ಹಾಳೆ, ಹತ್ತು ನಿಮಿಷ, ಯಾರೂ ಓದುವುದಿಲ್ಲ ಅನ್ನುವ ಮಾತು, ಇಷ್ಟನ್ನು ಕೊಡಬೇಕು ಅನ್ನಿಸಿತ್ತು.

ಹಾಳೆ ಹಂಚಿದೆ. "ಏನು ಭಯ ಇದೆಯೋ ಬರೀರಿ. ನಾನು ಓದಲ್ಲ. ಮುಗಿದ ಮೇಲೆ ನೀವೇ ಹರಿದು ಎಸೀಬಹುದು, ಇಟ್ಕೋಬಹುದು" ಅಂದೆ. ಮೊದಲು ಪಿಸುಪಿಸು. ಆಮೇಲೆ ಪೆನ್ನಿನ ಸದ್ದು. ಬೈದಾಗ ನಗುವ ಹುಡುಗ ಹಾಳೆಯ ಎರಡೂ ಬದಿ ತುಂಬಿಸಿ ಇನ್ನೊಂದು ಕೇಳಿದ. ಒಬ್ಬ ಏನೂ ಬರೆಯದೆ ಹಾಳೆಯ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದ. ಅವನನ್ನು ಹಾಗೇ ಬಿಟ್ಟೆ. ಕಿಟಕಿ ಪಕ್ಕದ ಮೂರನೇ ಬೆಂಚಿನವಳು ಮಾತ್ರ ಪೆನ್ ಮುಚ್ಚಳ ತೆಗೆಯದೆ ನನ್ನನ್ನೇ ನೋಡುತ್ತಿದ್ದಳು. ಹಿಂದಿನ ವಾರ ಅವಳ ಮೂರು ಹಾಳೆಗಳನ್ನು ವಾಪಸ್ ಕೊಡಲು ಹೋಗಿದ್ದೆ. ತಪ್ಪಾಯ್ತು ಅಂತಲೂ ಹೇಳಿದ್ದೆ. "ನಿಮ್ಮ ಹತ್ರಾನೇ ಇರ್ಲಿ ಮಿಸ್" ಅಂದಿದ್ದಳು. ಯಾಕೆ ಅಂತ ಹೇಳಿರಲಿಲ್ಲ.

ನಾನು ಹತ್ತಿರ ಹೋದೆ. ಅವಳು ದನಿ ತಗ್ಗಿಸಿ ಕೇಳಿದಳು. "ಬರೀಲೇಬೇಕಾ ಮಿಸ್? ಬಾಕ್ಸ್ ಹಾಕ್ಬಹುದಾ?"

"ಹಾಕು" ಅಂದೆ.

ಅವಳು ಪೆನ್ ಒಳಗಿಟ್ಟು ಪೆನ್ಸಿಲ್ ತೆಗೆದಳು. ಮೊನೆ ನೋಡಿದಳು. ಪಕ್ಕದವಳ ಕಡೆ ತಿರುಗಿ ಶಾರ್ಪ್‌ನರ್ ಕೇಳಿದಳು.